ಬೊಜ್ಜು ತಡೆಯಲು ಎಲ್ಲರಿಗೂ ಒಂದೇ ಸೂತ್ರ ಸಾಲದೇ?

ಓದುಗರ ಪ್ರಶ್ನೆ: "ಕಡಿಮೆ ತಿನ್ನಬೇಕು, ಹೆಚ್ಚು ಓಡಾಡಬೇಕು. ಬೊಜ್ಜು ಬರದಂತೆ ನೋಡಿಕೊಳ್ಳಲು ಇಷ್ಟು ಸಾಕಲ್ಲವೇ? ಹಾಗಿರುವಾಗ ಒಂದೊಂದು ಜನಸಮುದಾಯದಲ್ಲೂ ಬೇರೆ ಬೇರೆ ಸಂಶೋಧನೆ ಯಾಕೆ ಮಾಡುತ್ತಾರೆ?"

ಉತ್ತರ: ತಿಂದದ್ದರಲ್ಲಿ ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಸೇರುತ್ತದೆ. ಇದರಲ್ಲಿ ಎರಡು ಮಾತಿಲ್ಲ, ಯಾರ ದೇಹವಾದರೂ ಅಷ್ಟೇ. ಆದರೆ ಆ ಕೊಬ್ಬು ಎಲ್ಲಿ ಶೇಖರವಾಗುತ್ತದೆ, ಎಷ್ಟು ಸೇರಿದಾಗ ಕಾಯಿಲೆ ಶುರುವಾಗುತ್ತದೆ, ಒಬ್ಬರು ಏನು ತಿನ್ನುತ್ತಾರೆ, ಎಷ್ಟು ನಡೆಯುತ್ತಾರೆ ಎಂಬುದು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ತಡೆಗಟ್ಟುವ ಕೆಲಸ ಗೆಲ್ಲುವುದೂ ಸೋಲುವುದೂ ಅಲ್ಲಿಯೇ.

ಅಳತೆಯನ್ನೇ ನೋಡಿ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಅದು 30 ಮುಟ್ಟಿದರೆ ಸ್ಥೂಲಕಾಯ ಎನ್ನುವುದು ವಾಡಿಕೆ. ಆದರೆ ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಈ ಸಂಖ್ಯೆ ಹೇಳುವುದಿಲ್ಲ. ಭಾರತದ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯ ಸಂಶೋಧಕರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2!

ಇದು ಇಬ್ಬರ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ಆರೋಗ್ಯ ದಾಖಲೆ ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಿಳಿಯರಿಗೆ ಬಿಎಂಐ 30ರಲ್ಲಿ ಟೈಪ್ 2 ಮಧುಮೇಹದ ಅಪಾಯ ಎಷ್ಟಿದೆಯೋ ಅಷ್ಟೇ ಅಪಾಯ ಕಪ್ಪು ಜನರಿಗೆ 28.1ರಲ್ಲಿ, ಚೀನೀ ಮೂಲದವರಿಗೆ 26.9ರಲ್ಲಿ, ದಕ್ಷಿಣ ಏಷ್ಯಾ ಮೂಲದವರಿಗೆ 23.9ರಲ್ಲೇ ಇರುತ್ತದೆ. 30ರ ಗೆರೆಯನ್ನೇ ನೆಚ್ಚಿಕೊಂಡು ಕೂತರೆ ಎಚ್ಚರಿಕೆ ಬೇಕಾದವರಿಗೇ "ನೀವು ಸರಿಯಾಗಿದ್ದೀರಿ" ಎಂದು ಹೇಳಿ ಕಳಿಸಿದಂತಾಗುತ್ತದೆ.

ಹಾಗಾದರೆ ಎಲ್ಲ ವಂಶವಾಹಿಯದೇ ಆಟವೇ? ಅಲ್ಲ. ಪೀಮಾ ಎಂಬ ಮೂಲನಿವಾಸಿ ಜನರಲ್ಲಿ ಒಂದು ಕವಲು ಅಮೆರಿಕದ ಅರಿಜೋನಾದಲ್ಲಿದೆ, ಇನ್ನೊಂದು ಮೆಕ್ಸಿಕೋದ ಬೆಟ್ಟಗಳಲ್ಲಿ. ಆನುವಂಶಿಕವಾಗಿ ಇಬ್ಬರೂ ಹತ್ತಿರದ ಬಂಧುಗಳು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದವರಲ್ಲಿ ಮಧುಮೇಹ ಶೇ 38ರಷ್ಟಿತ್ತು, ಮೈಮುರಿದು ದುಡಿಯುವ ಮೆಕ್ಸಿಕೋದ ಪೀಮಾಗಳಲ್ಲಿ ಶೇ 6.9. ಸ್ಥೂಲಕಾಯದ ಅಂತರವೂ ಹೀಗೇ ದೊಡ್ಡದು. "ಅದು ಅವರ ರಕ್ತದಲ್ಲೇ ಇದೆ" ಎಂದು ಒಂದು ಸಮುದಾಯವನ್ನು ಕೈಬಿಡುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಇನ್ನು ತಡೆಯುವ ಪ್ರಯೋಗಗಳು. ಇವುಗಳಲ್ಲಿ ನನಗೆ ತುಂಬ ಮುಖ್ಯ ಅನಿಸುವುದು ಸೋತ ಒಂದು ಪ್ರಯೋಗ. ಅಮೆರಿಕದ ಮೂಲನಿವಾಸಿ ಮಕ್ಕಳಿಗಾಗಿ 1990ರ ದಶಕದಲ್ಲಿ 'ಪಾಥ್‌ವೇಸ್' ಎಂಬ ಅಧ್ಯಯನ ನಡೆಯಿತು. 41 ಶಾಲೆ, 1704 ಮಕ್ಕಳು, 3 ವರ್ಷ. ಆಯಾ ಸಮುದಾಯದವರನ್ನೇ ಸೇರಿಸಿಕೊಂಡು ಪಾಠ ರೂಪಿಸಿದರು, ಶಾಲೆಯ ಊಟದಲ್ಲಿ ಕೊಬ್ಬಿನಂಶ ತಗ್ಗಿಸಿದರು, ವ್ಯಾಯಾಮದ ಅವಧಿ ಇಟ್ಟರು, ಮನೆಯವರನ್ನೂ ಕರೆದರು. ಮಕ್ಕಳ ತಿಳಿವಳಿಕೆ ಹೆಚ್ಚಿತು. ಆದರೆ ದೇಹದ ಕೊಬ್ಬಿನ ಪ್ರಮಾಣದಲ್ಲಿ ಈ ಮಕ್ಕಳಿಗೂ ಕಾರ್ಯಕ್ರಮ ಇಲ್ಲದ ಶಾಲೆಗಳ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಒಳ್ಳೆಯ ಯೋಜನೆಯೂ ಫಲಿಸಲಿಲ್ಲ ಎಂದರೆ ತಪ್ಪು ಮಕ್ಕಳದಲ್ಲ. ಶಾಲೆಯಲ್ಲಿ ಕಳೆಯುವುದು ದಿನದ ಕೆಲವು ಗಂಟೆ, ಉಳಿದ ಹೊತ್ತು ಅವರ ಸುತ್ತ ಇದ್ದದ್ದು ಅದೇ ಹಳೆಯ ಪರಿಸರ.

ಗೆದ್ದದ್ದೂ ಇದೆ. ಮಧುಮೇಹ ತಡೆಯಲು ನಡೆಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 3234 ಜನರಿದ್ದರು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಲ್ಪಸಂಖ್ಯಾತ ಸಮುದಾಯಗಳವರು. ಶೇ 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಚಟುವಟಿಕೆ, ಇದು ಗುರಿ. ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಯಿತು, ಎಲ್ಲ ಸಮುದಾಯಗಳಲ್ಲೂ ಫಲ ಸಿಕ್ಕಿತು. ನಿಮ್ಮ ಸೂತ್ರ ಇಲ್ಲಿ ಗೆದ್ದಿತು, ನಿಜ. ಆದರೆ ಬರೀ ಸಲಹೆಯ ಬಲದಿಂದಲ್ಲ. ಪ್ರತಿಯೊಬ್ಬರ ಬೆನ್ನಿಗೂ ಒಬ್ಬ ತರಬೇತುದಾರರಿದ್ದರು, ಒಬ್ಬೊಬ್ಬರೊಂದಿಗೂ ಕೂತು ಅವರವರ ಅಡಚಣೆಗೆ ದಾರಿ ಹುಡುಕುತ್ತಿದ್ದರು. ಹೊತ್ತು ಹೊತ್ತಿಗೆ ಬಿಡುವಿಲ್ಲದೆ ದುಡಿಯುವವರಿಗೆ ಇಂಥ ನೆರವು ತಲುಪಿಸುವುದು ಹೇಗೆ ಎಂಬುದು ಇನ್ನೊಂದು ದೊಡ್ಡ ಸಂಶೋಧನೆಯ ವಿಷಯ.

ಪರಿಸರ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. 1990ರ ದಶಕದಲ್ಲಿ ಅಮೆರಿಕದ 5 ನಗರಗಳ ತೀರಾ ಬಡ ಬಡಾವಣೆಗಳ ಕುಟುಂಬಗಳಲ್ಲಿ ಕೆಲವರನ್ನು ಲಾಟರಿ ಮೂಲಕ ಆರಿಸಿ, ಬಡತನ ಕಡಿಮೆ ಇರುವ ಕಡೆ ಮನೆ ಹಿಡಿಯಲು ಬಾಡಿಗೆ ನೆರವು ಕೊಟ್ಟರು. ಊಟ, ವ್ಯಾಯಾಮದ ಬಗ್ಗೆ ಯಾವ ಪಾಠವೂ ಈ ಯೋಜನೆಯಲ್ಲಿರಲಿಲ್ಲ. 10ರಿಂದ 15 ವರ್ಷದ ನಂತರ ನೋಡಿದಾಗ, ಆ ನೆರವು ಸಿಕ್ಕ ಮಹಿಳೆಯರಲ್ಲಿ ಬಿಎಂಐ 35 ದಾಟಿದವರೂ ಮಧುಮೇಹದ ಲಕ್ಷಣ ಇದ್ದವರೂ ಕಡಿಮೆ ಇದ್ದರು. ಕಾರಣ ಹತ್ತಿರದ ಅಂಗಡಿಯೋ, ಹೆದರಿಕೆಯಿಲ್ಲದೆ ನಡೆಯಬಹುದಾದ ರಸ್ತೆಯೋ, ತಗ್ಗಿದ ಮಾನಸಿಕ ಒತ್ತಡವೋ, ಆ ಪ್ರಯೋಗದಿಂದಷ್ಟೇ ಬಿಡಿಸಿ ಹೇಳಲಾಗುವುದಿಲ್ಲ. ಬೇರೆ ಬೇರೆ ಜನರ ನಡುವೆ ಸಂಶೋಧಕರು ಈಗ ಹುಡುಕುತ್ತಿರುವುದು ಅದನ್ನೇ.