ಅಂಚಿನಲ್ಲಿ ಸೋರುವ ಅಯಾನು, ಅಲ್ಲೇ ಏಳುವ ಗೋಡೆ

ಪ್ಲಾಸ್ಮಾವನ್ನು, ಅಂದರೆ ಅಯಾನು ಮತ್ತು ಎಲೆಕ್ಟ್ರಾನ್‌ಗಳಾಗಿ ಒಡೆದ ಕಾದ ಅನಿಲವನ್ನು, ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರಾಕಾರದ ಸಮ್ಮಿಳನ ಯಂತ್ರವೇ ಟೋಕಾಮಾಕ್. ಅದರ ಬಗ್ಗೆ ಸುದ್ದಿ ಬಂದಾಗಲೆಲ್ಲ ಪ್ಲಾಸ್ಮಾದ ನಡುಭಾಗ ಎಷ್ಟು ಕೋಟಿ ಡಿಗ್ರಿ ಮುಟ್ಟಿತು ಅನ್ನೋದೇ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಬಿಸಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಬಹಳಮಟ್ಟಿಗೆ ಅಂಚಿನ ಕೆಲವೇ ಸೆಂಟಿಮೀಟರ್‌ಗಳ ಕೈಯಲ್ಲಿದೆ. ಅಲ್ಲಿ ಅಯಾನುಗಳು, ಅಂದರೆ ಧನ ವಿದ್ಯುತ್ತಿನ ಕಣಗಳು, ತಪ್ಪಿಸಿಕೊಂಡು ಹೋಗುತ್ತವೆ. ತಮಾಷೆ ಏನೆಂದರೆ, ಆ ಸೋರಿಕೆಯೇ ಪ್ಲಾಸ್ಮಾವನ್ನು ಹಿಡಿದಿಡಲು ನೆರವಾಗುತ್ತದೆ ಅನ್ನುವ ವಾದ ದಶಕಗಳಿಂದ ನಡೆಯುತ್ತಿದೆ.

ಟೋಕಾಮಾಕ್‌ನ ಕಾಂತಕ್ಷೇತ್ರ ಒಳಬದಿಯಲ್ಲಿ (ಉಂಗುರದ ತೂತಿನ ಕಡೆ) ಬಲವಾಗಿರುತ್ತದೆ, ಹೊರಬದಿಯಲ್ಲಿ ಸಡಿಲ. ಹಾಗಾಗಿ ಅಯಾನು ಕ್ಷೇತ್ರದ ಗೆರೆಯನ್ನು ಸುತ್ತುತ್ತಲೇ ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಕೆಲವು ಅಯಾನುಗಳು ಒಳಬದಿ ಮುಟ್ಟುವ ಮೊದಲೇ ಹಿಂದಿರುಗುತ್ತವೆ. ಅಡ್ಡಕೊಯ್ತದಲ್ಲಿ ನೋಡಿದರೆ ಅವುಗಳ ದಾರಿ ಬಾಳೆಹಣ್ಣಿನ ಆಕಾರ. ಈ ದಾರಿಗಳಿಂದ ಎಷ್ಟು ಬಿಸಿ ಹೊರಹೋಗುತ್ತದೆ ಅಂತ ಸೋವಿಯತ್ ಒಕ್ಕೂಟದ ಗಲೀವ್ ಮತ್ತು ಸಗ್ದೀವ್ 1968ರಲ್ಲೇ ಲೆಕ್ಕ ಹಾಕಿದ್ದರು.

ನಡುಭಾಗದಲ್ಲಿ ಈ ಬಾಳೆಹಣ್ಣಿನಿಂದ ತೊಂದರೆ ಕಡಿಮೆ. ಅಂಚಿನಲ್ಲಿ ಹಾಗಲ್ಲ. ದಾರಿಯ ಅರ್ಧ ಭಾಗ ಕೊನೆಯ ಮುಚ್ಚಿದ ಕಾಂತ ಮೇಲ್ಮೈಯಿಂದ (ಕಾಂತಕ್ಷೇತ್ರ ಪ್ಲಾಸ್ಮಾವನ್ನು ಹಿಡಿದಿಡುವ ಗಡಿಯಿಂದ) ಆಚೆ ಚಾಚಿದ್ದರೆ, ಅಯಾನು ಡೈವರ್ಟರ್ ತಟ್ಟೆಗೋ (ಸೋರಿದ ಬಿಸಿ ಬಂದು ಬೀಳುವ ತಟ್ಟೆ) ಗೋಡೆಗೋ ಬಡಿದು ಕಳೆದುಹೋಗುತ್ತದೆ. ಅಷ್ಟೇ ಬಿಸಿಯ ಎಲೆಕ್ಟ್ರಾನಿನ ದಾರಿ ಡ್ಯುಟೇರಿಯಂ (ಭಾರದ ಹೈಡ್ರೋಜನ್) ಅಯಾನಿನದಕ್ಕಿಂತ ಸುಮಾರು 60 ಪಟ್ಟು ಕಿರಿದು. ಅದು ಒಳಗೇ ಉಳಿಯುತ್ತದೆ. ಧನ ವಿದ್ಯುತ್ತು ಹೊರಗೆ ಹೋಯಿತು, ಋಣ ಒಳಗೆ ಉಳಿಯಿತು ಅಂದಮೇಲೆ ಒಳಮುಖವಾದ ವಿದ್ಯುತ್ ಕ್ಷೇತ್ರ ಹುಟ್ಟಲೇಬೇಕು, ಅಲ್ವಾ?

ಇದಕ್ಕೆ ಮಹತ್ವ ಬಂದಿದ್ದು 1982ರಲ್ಲಿ. ಜರ್ಮನಿಯ ಗಾರ್ಶಿಂಗ್‌ನಲ್ಲಿ ಫ್ರಿಟ್ಜ್ ವ್ಯಾಗ್ನರ್ ಮತ್ತು ಜೊತೆಗಾರರು ಆಸ್‌ಡೆಕ್ಸ್ ಯಂತ್ರಕ್ಕೆ ಬಿಸಿ ಹೆಚ್ಚಿಸುತ್ತಿದ್ದರು. ಬಿಸಿ ಜಾಸ್ತಿ ಮಾಡಿದಷ್ಟೂ ಸೋರಿಕೆ ಜಾಸ್ತಿ ಅನ್ನೋದು ಆವರೆಗಿನ ಅನುಭವ. ಇಲ್ಲಿ ಮಾತ್ರ ಒಂದು ಮಿತಿ ದಾಟಿದ ಕೂಡಲೇ ಅಂಚಿನ ಡ್ಯುಟೇರಿಯಂ ಬೆಳಕು ಥಟ್ಟನೆ ಕುಸಿಯಿತು. ಅಂದರೆ ಕಣಗಳು ಹೊರಗೆ ಬರುವುದೇ ಕಮ್ಮಿಯಾಗಿತ್ತು. ಶಕ್ತಿ ಉಳಿಯುವ ಸಮಯ ಸುಮಾರು ಎರಡು ಪಟ್ಟಾಯಿತು. ಇದಕ್ಕೆ ಎಚ್-ಮೋಡ್ (ಹೆಚ್ಚು ಹಿಡಿತದ ಸ್ಥಿತಿ) ಅಂತ ಹೆಸರಾಯಿತು. ಯಾಕೆ ಹೀಗೆ ಅನ್ನೋದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

1988ರಲ್ಲಿ ಜಪಾನಿನ ಸನಾಯೆ ಇಟೋ ಮತ್ತು ಕಿಮಿತಾಕಾ ಇಟೋ ಅಂಚಿನ ಅಯಾನು ನಷ್ಟದತ್ತ ಬೊಟ್ಟು ಮಾಡಿದರು. ನಷ್ಟದಿಂದ ಹುಟ್ಟುವ ಕ್ಷೇತ್ರ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಏಕಾಏಕಿ ನೆಗೆಯಬಲ್ಲದು ಅನ್ನೋದು ಅವರ ಮಾತು. ಮರುವರ್ಷ ಶೇಂಗ್ ಮತ್ತು ಕ್ರೂಮ್ ಅದನ್ನು ಪ್ಲಾಸ್ಮಾದ ತಿರುಗುವಿಕೆಗೆ ಜೋಡಿಸಿದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಯುಸಿಎಲ್‌ಎ ತಂಡ ಪ್ಲಾಸ್ಮಾದ ಅಂಚಿಗೆ ಒಂದು ಎಲೆಕ್ಟ್ರೋಡ್ ತೂರಿಸಿ, ಕೈಯಾರೆ ವಿದ್ಯುತ್ ಕ್ಷೇತ್ರ ಉಂಟುಮಾಡಿತು. ಎಚ್-ಮೋಡ್ ಬಂದೇಬಿಟ್ಟಿತು! ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. 1990ರಲ್ಲಿ ಜಪಾನಿನ ಜೆಎಫ್‌ಟಿ-2ಎಂ ಮತ್ತು ಅಮೆರಿಕದ ಡಿ3-ಡಿ ಯಂತ್ರಗಳಲ್ಲಿ ಕ್ಷೇತ್ರದ ಬದಲಾವಣೆಯನ್ನು ಅಳೆದೂ ತೋರಿಸಿದರು.

ಕ್ಷೇತ್ರ ಇದ್ದರೆ ಸೋರಿಕೆ ಯಾಕೆ ನಿಲ್ಲಬೇಕು? ಬಿಗ್ಲಾರಿ, ಡೈಮಂಡ್ ಮತ್ತು ಟೆರಿ ಅದೇ ವರ್ಷ ಉತ್ತರ ಕೊಟ್ಟರು. ಕ್ಷೇತ್ರದ ಬಲ ಸೆಂಟಿಮೀಟರ್ ಅಂತರದಲ್ಲೇ ಬದಲಾಗುವುದರಿಂದ ಅಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ಬಿಸಿ ಹೊತ್ತು ಸಾಗುವ ಸುಳಿಗಳು ನಡುವೆ ಸಿಕ್ಕಿ ಹರಿದುಹೋಗುತ್ತವೆ.

ಹಾಗಂತ ಎಲ್ಲ ಶ್ರೇಯಸ್ಸನ್ನೂ ಅಯಾನು ನಷ್ಟಕ್ಕೇ ಕೊಡುವುದು ಸರಿಯಲ್ಲ. ಎಚ್-ಮೋಡ್ ನೆಲೆನಿಂತ ಮೇಲೆ ಕ್ಷೇತ್ರದ ಬಹುಪಾಲು ಅಯಾನುಗಳ ಒತ್ತಡ ಅಂಚಿನತ್ತ ಇಳಿಯುವ ಕಡಿದಾದ ಇಳಿಜಾರಿಗೇ ಹೊಂದುತ್ತದೆ ಅಂತ ಆಸ್‌ಡೆಕ್ಸ್ ಅಪ್‌ಗ್ರೇಡ್‌ನ ಅಳತೆಗಳು ಹೇಳುತ್ತವೆ. ಸುಳಿಗಳು ತಾವೇ ಹುಟ್ಟಿಸುವ ಹರಿವಿನ ಪಾತ್ರವೂ ಇದೆ. ನಷ್ಟದ ಗುರುತು ಚೆನ್ನಾಗಿ ಕಾಣುವುದು ಬೇರೆ ಕಡೆ. ಪ್ಲಾಸ್ಮಾ ಕರೆಂಟಿಗೆ ಎದುರಾಗಿ ಓಡುವ ಅಯಾನುಗಳು ಹೊರಬದಿಯಿಂದ ಸುಲಭವಾಗಿ ಜಾರಿಹೋಗುತ್ತವೆ, ಜೊತೆಗೆ ಓಡುವವು ಉಳಿಯುತ್ತವೆ. ಹಾಗಾಗಿ ಹೊರಗಿಂದ ಯಾರೂ ತಳ್ಳದಿದ್ದರೂ ಅಂಚು ಕರೆಂಟಿನ ದಿಕ್ಕಿಗೆ ತಿರುಗುತ್ತದೆ.

ಈಗಿನ ಜಗಳ ಸೋರಿದ ಬಿಸಿ ಡೈವರ್ಟರ್ ತಟ್ಟೆಯತ್ತ ಹರಿದುಹೋಗುವ ಪಟ್ಟಿಯ ಅಗಲದ ಮೇಲೆ. ಹಲವು ಯಂತ್ರಗಳ ಅಳತೆಗಳನ್ನು ಹಿಗ್ಗಿಸಿದರೆ ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ದೈತ್ಯ ಟೋಕಾಮಾಕ್ ಈಟರ್‌ನಲ್ಲಿ ಅದು ಸುಮಾರು 1 ಮಿಲಿಮೀಟರ್. ಅಯಾನುಗಳ ಜಾರುವಿಕೆಯೇ ಅಗಲವನ್ನು ತೀರ್ಮಾನಿಸುತ್ತದೆ ಅನ್ನುವ ಗೋಲ್ಡ್‌ಸ್ಟನ್ ಅವರ 2012ರ ಸರಳ ಮಾದರಿಯೂ ಆ ಅಳತೆಗಳಿಗೆ ಹೊಂದುತ್ತದೆ. ಅಷ್ಟು ಕಿರಿದಾದ ಜಾಗಕ್ಕೆ ಅಷ್ಟೊಂದು ಬಿಸಿ ಬಿದ್ದರೆ ತಟ್ಟೆಯ ಟಂಗ್‌ಸ್ಟನ್‌ಗೂ ಕಷ್ಟ. ಆದರೆ ಪ್ರಿನ್ಸ್‌ಟನ್‌ನ ಸಿ.ಎಸ್. ಚಾಂಗ್ ತಂಡದ ಕಂಪ್ಯೂಟರ್ ಲೆಕ್ಕ 2017ರಲ್ಲಿ 5ರಿಂದ 6 ಮಿಲಿಮೀಟರ್ ಅಂದಿತು. ಈಟರ್‌ನಷ್ಟು ದೊಡ್ಡ ಯಂತ್ರಕ್ಕೆ ಹೋಲಿಸಿದರೆ ಅಯಾನಿನ ದಾರಿ ತೀರಾ ಕಿರಿದು. ಅಲ್ಲಿ ಎಲೆಕ್ಟ್ರಾನ್‌ಗಳ ಸುಳಿಗಳೇ ಬಿಸಿಯನ್ನು ಅಗಲಕ್ಕೆ ಹರಡುತ್ತವೆ ಅನ್ನೋದು ಅವರ ವಾದ. ಇಂದಿನ ಹೆಚ್ಚಿನ ಯಂತ್ರಗಳಲ್ಲಿ ಅಯಾನುಗಳದ್ದೇ ಮೇಲುಗೈ, ಹಾಗಾಗಿ ಅಲ್ಲಿ ಇದನ್ನು ಪರೀಕ್ಷೆ ಮಾಡುವುದೇ ಕಷ್ಟ.