ಎಸ್ಸೆಸ್ಸೆಲ್ಸಿ ಫಲಿತಾಂಶದ ಬೇರು ಮೂರನೇ ಕ್ಲಾಸಿನಲ್ಲಿದೆ

ರ, ಗ, ಸ, ದ, ಅ. ನಮ್ಮ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಗು ಮೊದಲು ಕಲಿಯುವುದು ಈ ಐದು ಅಕ್ಷರ. ಅ ಆ ಇ ಈ ಅಲ್ಲ. ಇಷ್ಟು ಬಂದರೆ ಮಗು ‘ಸರ’ ಓದುತ್ತದೆ, ‘ಅರಸ’ ಓದುತ್ತದೆ, ‘ಗರಗಸ’ ಕೂಡ ಓದಿಬಿಡುತ್ತದೆ. ಇಡೀ ವರ್ಣಮಾಲೆ ಬಾಯಿಪಾಠ ಆಗುವವರೆಗೆ ಕಾಯಬೇಕಿಲ್ಲ.

ಇದೇ ನಲಿ-ಕಲಿ, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಕಲಿಸುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯ ಸುತ್ತಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳು, ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಲಿಕೆಯ ಕಾರ್ಡು ಮಾಡಿದರು. ಮಗು ಟ್ರೇಯಿಂದ ತನ್ನ ಕಾರ್ಡು ತೆಗೆದುಕೊಂಡು, ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತಬೇಕು. ಪಕ್ಕದ ಮಗು ಮುಂದೆ ಹೋಯಿತೆಂದು ಯಾರೂ ಬೈಯುವುದಿಲ್ಲ. ತುಂಬಾ ಒಳ್ಳೆಯ ಯೋಚನೆ ಅದು, ಈಗಲೂ ಹಾಗೇ ಅನಿಸುತ್ತದೆ.

2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಕಾರ್ಡು, ದುಂಡು ಮೇಜು, ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ ಎಲ್ಲ ಬಂದವು. ಆದರೆ ಪ್ರತಿ ಮಗುವಿನ ಪಕ್ಕ ಕೂರುವ ಶಿಕ್ಷಕರು? ಎಷ್ಟೋ ಕಡೆ ಒಂದು, ಎರಡು, ಮೂರನೇ ಕ್ಲಾಸಿಗೆ ಸೇರಿ ಒಬ್ಬರೇ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಮತದಾರರ ಪಟ್ಟಿ ಕೂಡ ಅವರ ತಲೆ ಮೇಲೆ.

2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಎಂಟನೇ ಕ್ಲಾಸಿನವರೆಗೆ ಯಾರನ್ನೂ ಫೇಲ್ ಮಾಡುವಂತಿಲ್ಲ ಎಂದಿತು. ಅದು ಸರಿಯೇ, ಫೇಲ್ ಮಾಡಿದರೆ ಮಗುವಿಗೆ ಓದು ಬಂದುಬಿಡುತ್ತದೆಯೇ? ಆದರೆ ಅದೇ ಕಾಯ್ದೆ ಮಗು ಎಲ್ಲಿ ಎಡವುತ್ತಿದೆ ಎಂದು ವರ್ಷವಿಡೀ ನೋಡುತ್ತಿರಿ ಎಂದೂ ಹೇಳಿತ್ತು. ಆ ಕೆಲಸ ಬಹುಪಾಲು ಕಡತದಲ್ಲೇ ಉಳಿಯಿತು.

ನನಗೆ ಗೊತ್ತಿರುವ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗ ಲೆಕ್ಕದಲ್ಲಿ ದಡ್ಡ ಅಂತ ಮನೆಯವರೇ ಹೇಳುತ್ತಿದ್ದರು. ಒಂದು ಸಂಜೆ ಪುಸ್ತಕ ತೆಗೆಸಿದೆ. ‘ಹೊಲದ ಉದ್ದ ಅಗಲದ ಎರಡು ಪಟ್ಟು, ಸುತ್ತಳತೆ 120 ಮೀಟರ್’ ಅಂತಿತ್ತು. ಅವನು ‘ಪಟು’ ಅಂದ, ‘ಸುತಳತೆ’ ಅಂದ, ಅಲ್ಲೇ ನಿಂತ. ಒತ್ತಕ್ಷರ ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ಬೆರಳಲ್ಲಿ ನೆಲದ ಮೇಲೆ ಹೊಲ ಬರೆದು, ‘ನಲವತ್ತು, ಇಪ್ಪತ್ತು’ ಅಂದ. ಹೊಟ್ಟೆ ಉರಿಯಿತು ನನಗೆ. ಮೂರನೇ ಕ್ಲಾಸಿನಿಂದ, ಅಂದರೆ ಆರು ವರ್ಷದಿಂದ, ಅವನ ಓದು ಅಲ್ಲೇ ನಿಂತಿತ್ತು, ಅಲ್ವಾ?

ಇದರ ಮೇಲೆ ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ಒಂದರಿಂದ ಐದನೇ ಕ್ಲಾಸಿನವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆ 2022ರಲ್ಲಿ ನಮ್ಮ ಹಳ್ಳಿಗಳಲ್ಲಿ ನೋಡಿದಾಗ, ಮೂರನೇ ಕ್ಲಾಸಿನ ನೂರು ಮಕ್ಕಳಲ್ಲಿ ಹತ್ತು ಮಂದಿಗೂ ಎರಡನೇ ಕ್ಲಾಸಿನ ಪಾಠ ಓದಲು ಬರುತ್ತಿರಲಿಲ್ಲ. ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು, ಒಂದು ವರ್ಷ ನಡೆಯಿತು. ಅಷ್ಟು ದೊಡ್ಡ ಗಾಯಕ್ಕೆ ಒಂದು ವರ್ಷ ಎಲ್ಲಿ ಸಾಕು?

ಆಮೇಲಿನದು ಎಲ್ಲರಿಗೂ ಗೊತ್ತು. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ನಕಲಿಗೆ ಕಡಿವಾಣ ಬಿತ್ತು. ಧಾರಾಳ ಕೃಪಾಂಕ ಕೊಟ್ಟರೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಕೃಪಾಂಕ ಹೋಯಿತು, ಶೇ 62.34. ಈ 2025ರ ಮಕ್ಕಳು ಶಾಲೆ ಮುಚ್ಚಿದಾಗ ಐದನೇ ಕ್ಲಾಸಿನಲ್ಲಿದ್ದವರು.

ಪ್ರತಿ ಸಲ ಫಲಿತಾಂಶ ಕುಸಿದಾಗ ಹೈಸ್ಕೂಲ್ ಮೇಷ್ಟ್ರಿಗೆ ನೋಟಿಸ್ ಹೋಗುತ್ತದೆ. ಹತ್ತನೇ ಕ್ಲಾಸಿಗೆ ವಿಶೇಷ ತರಗತಿ, ರಾತ್ರಿ ಓದು. ಅದರ ಬದಲು, ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ನಲಿ-ಕಲಿ ಕೋಣೆಗೆ ಬೇರೆ ಯಾವ ಕೆಲಸವೂ ಇಲ್ಲದ ಒಬ್ಬ ಶಿಕ್ಷಕರನ್ನು ಕೊಡಿ. ಎಚ್.ಡಿ. ಕೋಟೆಯ ಆ ಕಾರ್ಡುಗಳಿಗೆ ಬೇಕಿದ್ದೂ ಇಷ್ಟೇ, ಮಗುವಿನ ಪಕ್ಕ ಕೂರಲು ಸಮಯ.