ಸಾಲ ಪಡೆದು ಬೆಳೆದ ದೇಶ ನೆರವು ನೀಡಿದ ಬಗೆ: ಜಪಾನಿನ ಏಳು ದಶಕ

ವಿಶ್ವಬ್ಯಾಂಕಿನಿಂದ ಪಡೆದಿದ್ದ ಸಾಲದ ಕೊನೆಯ ಕಂತನ್ನು ಜಪಾನ್ ತೀರಿಸಿದ್ದು 1990ರ ಜುಲೈ ತಿಂಗಳಲ್ಲಿ. ಅದಕ್ಕೆ ಹಿಂದಿನ ವರ್ಷವೇ ಅದು ಅಮೆರಿಕವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ಅಭಿವೃದ್ಧಿ ನೆರವು ಕೊಡುವ ದೇಶವಾಗಿತ್ತು. ಸಾಲಗಾರನಾಗಿದ್ದಾಗಲೇ ದೊಡ್ಡ ದಾನಿಯೂ ಆದ ಈ ಅನುಭವವನ್ನು ಅರಿಯದೆ ಜಪಾನಿನ ನೆರವಿನ ಸ್ವರೂಪ ಅರ್ಥವಾಗುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸೋತು ನೆಲಕಚ್ಚಿದ್ದ ದೇಶಕ್ಕೆ ಮೊದಲು ಆಹಾರ ಮತ್ತು ಔಷಧಿ ಬಂದದ್ದು ಅಮೆರಿಕದಿಂದ. ಆಮೇಲೆ, 1953ರಿಂದ 1966ರ ನಡುವೆ, ವಿಶ್ವಬ್ಯಾಂಕ್ 31 ಸಾಲಗಳ ಮೂಲಕ ಸುಮಾರು 86 ಕೋಟಿ ಡಾಲರ್ ನೀಡಿತು. ಕುರೊಬೆ ಜಲವಿದ್ಯುತ್ ಯೋಜನೆ, ಹೆದ್ದಾರಿಗಳು ಮತ್ತು 1964ರಲ್ಲಿ ಓಡಾಟ ಆರಂಭಿಸಿದ ಟೋಕಿಯೊ–ಒಸಾಕಾ ನಡುವಿನ ಶಿಂಕಾನ್‌ಸೆನ್ ರೈಲುಮಾರ್ಗಕ್ಕೆ ಈ ಹಣ ಬಳಕೆಯಾಯಿತು. ತೀರಿಸಲೇಬೇಕಾದ ಹಣವನ್ನು ಜನ ಎಚ್ಚರದಿಂದ ಖರ್ಚು ಮಾಡುತ್ತಾರೆ, ವಿದ್ಯುತ್ತು ಮತ್ತು ಸಾರಿಗೆ ಬಂದರೆ ಉದ್ಯೋಗ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ಜಪಾನಿನ ಅಧಿಕಾರಿಗಳಲ್ಲಿ ಬೇರೂರಿದ್ದು ಈ ಕಾಲದಲ್ಲಿ.

ಹೊರಗಿನವರಿಗೆ ಹಣ ಕೊಡುವುದು ಆರಂಭವಾದದ್ದು ಔದಾರ್ಯದಿಂದಲ್ಲ, ಯುದ್ಧದ ಋಣದಿಂದ. 1954ರಲ್ಲಿ ಬರ್ಮಾದೊಂದಿಗೆ, ಬಳಿಕ ಫಿಲಿಪ್ಪೀನ್ಸ್, ಇಂಡೊನೇಷ್ಯಾ ಮತ್ತು ದಕ್ಷಿಣ ವಿಯೆಟ್ನಾಂಗಳೊಂದಿಗೆ ಯುದ್ಧ ಪರಿಹಾರದ ಒಪ್ಪಂದಗಳಾದವು. ಪರಿಹಾರದ ಬಹುಭಾಗ ಜಪಾನಿನ ಸರಕು ಮತ್ತು ಸೇವೆಗಳ ರೂಪದಲ್ಲಿ ಸಂದಿದ್ದರಿಂದ ಜಪಾನಿನ ಕಾರ್ಖಾನೆಗಳಿಗೂ ಮಾರುಕಟ್ಟೆ ದೊರೆಯಿತು. 1954ರ ಅಕ್ಟೋಬರ್ 6ರಂದು ಜಪಾನ್, ಏಷ್ಯಾದ ದೇಶಗಳ ಅಭಿವೃದ್ಧಿಗೆ ನೆರವಾಗುವ ಕೊಲಂಬೊ ಯೋಜನೆಗೆ ಸೇರಿತು. ಪರಿಹಾರದ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟು 1952ರಲ್ಲಿ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡಿದ್ದ ಭಾರತಕ್ಕೆ 1958ರಲ್ಲಿ 1,800 ಕೋಟಿ ಯೆನ್ ಸಾಲ ಮಂಜೂರಾಯಿತು. ಜಪಾನ್ ಯಾವುದೇ ದೇಶಕ್ಕೆ ನೀಡಿದ ಮೊದಲ ಯೆನ್ ಸಾಲ ಅದು.

ಯೆನ್ನಿನಲ್ಲೇ ತೀರಿಸಬೇಕಾದ ಸಾಲ ಕೊಡುವ ಈ ಪದ್ಧತಿಯ ಅಪಾಯ ಬಯಲಾದದ್ದು, ಡಾಲರಿನ ಬೆಲೆ ಇಳಿಸಲು ಶ್ರೀಮಂತ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ನಂತರ. ಡಾಲರಿಗೆ ಸುಮಾರು 240 ಯೆನ್ ಇದ್ದ ವಿನಿಮಯ ದರ ಎರಡೂವರೆ ವರ್ಷಗಳೊಳಗೆ 120ರ ಆಸುಪಾಸಿಗೆ ಬಂದಾಗ, ಡಾಲರಿನಲ್ಲಿ ರಫ್ತು ಆದಾಯ ಗಳಿಸಿ ಯೆನ್ನಿನಲ್ಲಿ ಕಂತು ಕಟ್ಟುತ್ತಿದ್ದ ಏಷ್ಯಾದ ದೇಶಗಳ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬಡ್ಡಿ ಎಷ್ಟೇ ಕಡಿಮೆಯಿದ್ದರೂ ಇಂಥ ಏರಿಳಿತವನ್ನು ಸಾಲ ಪಡೆದವರೇ ಹೊರಬೇಕಾಗುತ್ತದೆ ಎಂಬುದನ್ನು ನೆರವಿನ ಲೆಕ್ಕಪತ್ರಗಳು ಎಂದೂ ಸರಿಯಾಗಿ ತೋರಿಸಿಲ್ಲ. ಅಣೆಕಟ್ಟುಗಳಿಂದ ಎತ್ತಂಗಡಿಯಾದವರ ಪ್ರಶ್ನೆಯೂ ಇದೇ ಕಾಲದಲ್ಲಿ ಟೋಕಿಯೊ ತಲುಪಿತು; ನರ್ಮದಾ ಕಣಿವೆಯ ಹೋರಾಟದ ಪರಿಣಾಮವಾಗಿ 1990ರಲ್ಲಿ ಜಪಾನ್ ಸರ್ದಾರ್ ಸರೋವರ ಯೋಜನೆಯ ನೆರವಿನಿಂದ ಹಿಂದೆ ಸರಿಯಿತು. 1992ರಲ್ಲಿ ಹೊರಬಂದ, ಜಪಾನಿನ ನೆರವಿನ ನೀತಿಯನ್ನು ಹೇಳುವ ಸನ್ನದು ಪರಿಸರ ಮತ್ತು ಮಾನವ ಹಕ್ಕುಗಳನ್ನು ಲಿಖಿತವಾಗಿ ಪರಿಗಣಿಸಿತು, ಮಿಲಿಟರಿ ಉದ್ದೇಶಕ್ಕೆ ನೆರವಿಲ್ಲ ಎಂದೂ ಸಾರಿತು. 1998ರ ಪೋಖ್ರಾನ್ ಪರಮಾಣು ಪರೀಕ್ಷೆಯ ನಂತರ ಭಾರತಕ್ಕೆ ಹೊಸ ಸಾಲಗಳು ನಿಂತದ್ದು, 2001ರಲ್ಲಿ ಆ ನಿರ್ಬಂಧ ತೆರವಾದದ್ದು ಇದೇ ಹಿನ್ನೆಲೆಯಲ್ಲಿ.

ಜಾಗತಿಕ ಅಭಿವೃದ್ಧಿ ಗುರಿಗಳ ರೂಪುಗೊಳ್ಳುವಿಕೆಯಲ್ಲೂ ಜಪಾನಿನ ಪಾತ್ರವಿದೆ, ಇದನ್ನು ನಮ್ಮಲ್ಲಿ ಅಷ್ಟಾಗಿ ಯಾರೂ ಗಮನಿಸಿಲ್ಲ. ಶೀತಲ ಸಮರ ಮುಗಿದ ಮೇಲೆ ಶ್ರೀಮಂತ ರಾಷ್ಟ್ರಗಳು ನೆರವಿನಲ್ಲಿ ಆಸಕ್ತಿ ಕಳೆದುಕೊಳ್ಳುತ್ತಿದ್ದಾಗ, 1996ರಲ್ಲಿ ದಾನಿ ದೇಶಗಳ ಅಭಿವೃದ್ಧಿ ನೆರವು ಸಮಿತಿಯು 2015ರೊಳಗೆ ಕಡುಬಡತನವನ್ನು ಅರ್ಧಕ್ಕೆ ಇಳಿಸುವ, ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಒದಗಿಸುವ, ಶಿಶುಮರಣವನ್ನು ಮೂರನೇ ಒಂದು ಭಾಗಕ್ಕೆ ತಗ್ಗಿಸುವ ಗುರಿಗಳನ್ನು ಮುಂದಿಟ್ಟಿತು. ಆ ಕಾರ್ಯತಂತ್ರಕ್ಕಾಗಿ ಮುಂದೆ ನಿಂತು ಶ್ರಮಿಸಿದ ದೇಶಗಳಲ್ಲಿ ಜಪಾನ್ ಮುಖ್ಯವಾದುದು. 2000ದ ವಿಶ್ವಸಂಸ್ಥೆಯ ಸಹಸ್ರಮಾನ ಘೋಷಣೆಯ ಬೆನ್ನಿಗೆ ಬಂದ ಎಂಟು ಗುರಿಗಳೂ, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳೂ ಆ ಬುನಾದಿಯ ಮೇಲೆ ಬೆಳೆದವು.

ಆ ಗುರಿಗಳಲ್ಲಿ ಆರನೆಯದಾದ ನೀರು ಮತ್ತು ನೈರ್ಮಲ್ಯದ ವಿಷಯದಲ್ಲಿ ಕರ್ನಾಟಕಕ್ಕೆ ಈ ನೆರವಿನ ನೇರ ಪರಿಚಯವಿದೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳು ವರ್ಷಗಟ್ಟಲೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನೇ ನಂಬಿದ್ದವು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತಕ್ಕೆ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ ಜೈಕಾ, ಸಾಲ ನೀಡಿತು. ಯೋಜನೆ 2024ರ ಅಕ್ಟೋಬರ್ 16ರಂದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ನೀರಿನ ಶುಲ್ಕ ವಸೂಲಿ ಮಾಡಬಲ್ಲ ಜಲಮಂಡಳಿ ಇರುವ, ಕಂತು ಕಟ್ಟಲು ಶಕ್ತವಾದ ದೇಶಕ್ಕೆ ಇಂಥ ಸಾಲ ಒಳ್ಳೆಯದೇ. ಆದರೆ ತಾಯಿ-ಮಗುವಿನ ಆರೋಗ್ಯ, ಪ್ರಾಥಮಿಕ ಶಾಲೆ ಮುಂತಾದವು ಸಾಲ ತೀರಿಸುವ ಹಣವನ್ನು ಹುಟ್ಟಿಸುವುದಿಲ್ಲ. ಅತಿ ಬಡ ದೇಶಗಳಿಗೆ ಅಲ್ಲಿ ಬೇಕಾದದ್ದು ಅನುದಾನ. ಜಪಾನಿನಲ್ಲಿ 1948ರಿಂದ ಬಳಕೆಯಲ್ಲಿರುವ ತಾಯಿ-ಮಗುವಿನ ಆರೋಗ್ಯ ಕೈಪಿಡಿಯು 1990ರ ದಶಕದಲ್ಲಿ ಇಂಡೊನೇಷ್ಯಾಕ್ಕೆ, ಅಲ್ಲಿಂದಾಚೆಗೆ ಇತರ ದೇಶಗಳಿಗೆ ಹರಡಿದ್ದು ತಾಂತ್ರಿಕ ಸಹಕಾರದ ಮೂಲಕ, ದೊಡ್ಡ ಸಾಲದಿಂದಲ್ಲ. ನನ್ನ ದೃಷ್ಟಿಯಲ್ಲಿ ಜಪಾನಿನ ನೆರವಿನ ಅತ್ಯುತ್ತಮ ಮುಖ ಇದೇ, ಅದರ ಪಾಲು ಮಾತ್ರ ಸಣ್ಣದು.

ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಮೀಸಲಿಡಬೇಕೆಂದು 1970ರಲ್ಲಿ ವಿಶ್ವಸಂಸ್ಥೆ ಗೊತ್ತುಪಡಿಸಿದ ಮಟ್ಟವನ್ನು ಜಪಾನ್ ಎಂದೂ ಮುಟ್ಟಿಲ್ಲ. 1997ರಲ್ಲಿ ಉತ್ತುಂಗಕ್ಕೇರಿದ್ದ ನೆರವಿನ ಬಜೆಟ್ ಮುಂದಿನ ಒಂದೂವರೆ ದಶಕದಲ್ಲಿ ಅರ್ಧದಷ್ಟಕ್ಕೆ ಕುಸಿಯಿತು. 2003ರಿಂದ 2012ರವರೆಗೆ ಜೈಕಾವನ್ನು ಮುನ್ನಡೆಸಿದ ಸದಾಕೊ ಒಗಾಟಾ, ನಿರಾಶ್ರಿತರ ನಡುವೆ ದುಡಿದ ಅನುಭವದಿಂದ, ವ್ಯಕ್ತಿಯ ಸುರಕ್ಷತೆಯನ್ನು ನೆರವಿನ ಕೇಂದ್ರಕ್ಕೆ ತಂದಿದ್ದರು. 2015ರ ಪರಿಷ್ಕೃತ ಸನ್ನದಿನಲ್ಲಿ ರಾಷ್ಟ್ರೀಯ ಹಿತಾಸಕ್ತಿ ಎಂಬ ಮಾತು ಸ್ಪಷ್ಟವಾಗಿ ಸೇರಿತು. 2023ರಲ್ಲಿ ಸನ್ನದು ಮತ್ತೆ ಪರಿಷ್ಕರಣೆಗೊಂಡಿತು. ಅದೇ ವರ್ಷ ಮಿತ್ರದೇಶಗಳ ಸೇನೆಗಳಿಗೆ ಉಪಕರಣ ಒದಗಿಸುವ ಭದ್ರತಾ ನೆರವಿನ ವ್ಯವಸ್ಥೆಯೊಂದು ಅಭಿವೃದ್ಧಿ ನೆರವಿನಿಂದ ಪ್ರತ್ಯೇಕವಾಗಿ ಹುಟ್ಟಿಕೊಂಡಿತು. ಸುಸ್ಥಿರ ಅಭಿವೃದ್ಧಿ ಗುರಿಗಳ ಗಡುವಾದ 2030 ಹತ್ತಿರವಾಗುತ್ತಿರುವಾಗ, ಸರ್ಕಾರದ ಸೀಮಿತ ಹಣಕ್ಕೆ ಈ ಎರಡು ವ್ಯವಸ್ಥೆಗಳೂ ಪೈಪೋಟಿ ನಡೆಸಬೇಕಾಗಿದೆ.